ನನಗೆ ಕಿವಿ ಬಂದ ವಾರ

ಕದ್ದು ಕೇಳುವವನು ಬಾಗಿಲ ಮರೆಯಲ್ಲಿ ಉಸಿರು ಹಿಡಿದು, ಗೋಡೆಗೆ ಒತ್ತಿಕೊಂಡು ನಿಂತಿರುತ್ತಾನೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಮಾತಾಡುವವರ ಎದುರಿಗೇ ಕುರ್ಚಿ ಹಾಕಿಕೊಂಡು, ಚಹಾವನ್ನು ಬಸಿಗೆ ಹಾಕಿ ಆರಿಸಿಕೊಳ್ಳುತ್ತ, ಅವರ ಮುಖವನ್ನೇ ನೋಡುತ್ತ ಕುಳಿತೂ ಕದ್ದು ಕೇಳಬಹುದು ಎಂಬುದು ನನಗೆ ಗೊತ್ತಾದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಅದೂ ಸ್ವಂತ ಹೆಂಡತಿಯ ಮಾತನ್ನು. ಹೆಂಡತಿಯ ಮಾತನ್ನು ಕದಿಯುವ ಅಗತ್ಯವೇನು, ಅದು ಕೇಳದೆಯೇ ಧಾರಾಳವಾಗಿ ಸಿಗುತ್ತದಲ್ಲ ಎಂದು ನೀವು ಅನ್ನಬಹುದು. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ಬ್ಯಾಡಗಿಯಲ್ಲಿ ‘ಖಾಸಗಿ’ ಎಂಬ ಶಬ್ದವನ್ನು ಖಾಸಗಿ ಬಸ್ಸು, ಖಾಸಗಿ ಶಾಲೆ ಇವೆರಡಕ್ಕೆ ಬಿಟ್ಟರೆ ಮತ್ತೆಲ್ಲೂ ಬಳಸಿದ್ದನ್ನು ನಾನು ಕಂಡಿಲ್ಲ. ಕೈಯಲ್ಲಿ ಚೀಲ ಹಿಡಿದು ಓಣಿಯಲ್ಲಿ ಹೊರಟವನನ್ನು ಎಲ್ಲಿಗೆ ಹೊರಟಿರಿ, ಯಾಕೆ ಹೊರಟಿರಿ ಎಂದು ನಾಲ್ಕು ಮನೆಯವರು ಕೇಳದಿದ್ದರೆ, ಅವನೇ ಮರಳಿ ಬಂದು ಎಲ್ಲರೂ ಆರಾಮ ಇದ್ದೀರೋ ಇಲ್ಲವೋ ಎಂದು ವಿಚಾರಿಸುವ ಊರು ಇದು. ಇಂಥ ಊರಿನಲ್ಲಿ ಮೂವತ್ತು ವರ್ಷ ಖಾರದ ಗಿರಣಿ ನಡೆಸಿದವನಿಗೆ ಇನ್ನೊಬ್ಬರ ಅಂತರಂಗದ ಸುತ್ತ ಒಂದು ಬೇಲಿ ಇರುತ್ತದೆ ಎಂಬುದು ಹೊಳೆಯುವುದಾದರೂ ಹೇಗೆ?

ಗಿರಣಿಯೇ ನನ್ನ ಕಿವಿಯನ್ನು ತಿಂದದ್ದು. ಮೆಣಸಿನಕಾಯಿ ಕುಟ್ಟುವ ಯಂತ್ರದ ಪಕ್ಕದಲ್ಲಿ ಹಗಲೆಲ್ಲ ನಿಂತರೆ ಮೊದಲು ಮೂಗು ಹೋಗಬೇಕಾದದ್ದು ನ್ಯಾಯ. ನನ್ನ ಮೂಗು ಈಗಲೂ ಗಟ್ಟಿಯಾಗಿದೆ, ಹೋದದ್ದು ಕಿವಿ. ಅದೂ ಒಮ್ಮೆಲೇ ಹೋಗಲಿಲ್ಲ. ಮೊದಲು ಸೊಳ್ಳೆಯ ಸದ್ದು ಹೋಯಿತು, ಅದನ್ನು ನಾನು ದೇವರ ಕೃಪೆ ಎಂದುಕೊಂಡೆ. ಆಮೇಲೆ ಗುಬ್ಬಿ, ಗಡಿಯಾರ, ಕುಕ್ಕರಿನ ಸೀಟಿ ಹೋದವು. ಹನ್ನೆರಡು ವರ್ಷದ ಹಿಂದೆ ಒಂದು ದಿನ ನನ್ನ ಹೆಂಡತಿ ಶಾಂತಾ ಹಿತ್ತಲಲ್ಲಿ ನಿಂತು ಬಹಳ ಹೊತ್ತು ಬಾಯಿ ತೆರೆದು ಮುಚ್ಚುತ್ತಿದ್ದಳು. ಆಕಳಿಸುತ್ತಿದ್ದಾಳೆ ಎಂದು ನಾನು ಒಳಗೆ ಬಂದೆ. ಅವಳು ಹಾವು, ಹಾವು ಎಂದು ಕೂಗುತ್ತಿದ್ದಳಂತೆ.

ಅಲ್ಲಿಂದ ಮುಂದೆ ನನ್ನೊಂದಿಗೆ ಮಾತಾಡುವವರೆಲ್ಲ ಒದರುವುದು ರೂಢಿಯಾಯಿತು. ಕಿವುಡನ ಗುಟ್ಟುಗಳಿಗೆ ಆಯುಷ್ಯ ಇರುವುದಿಲ್ಲ. ಒಮ್ಮೆ ಹೊಟ್ಟೆ ಕೆಟ್ಟು ಡಾಕ್ಟರ ಬಳಿ ಹೋಗಿದ್ದೆ. ಅವರು ನನ್ನ ಕಿವಿಯ ಬಳಿ ಬಾಗಿ, “ಸಂಡಾಸ ಸರಿ ಆಗಾಕತ್ತೈತೇನ್ರಿ?” ಎಂದು ಮೂರು ಸಲ ಕೇಳಿದರು. ಮೂರನೆಯ ಸಲಕ್ಕೆ ಹೊರಗೆ ಬಾಕಿನ ಮೇಲೆ ಕುಳಿತ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು, “ಇಲ್ಲಂತ್ರಿ ಡಾಕ್ಟರ, ಎರಡು ದಿನ ಆತಂತ,” ಎಂದು ನನ್ನ ಪರವಾಗಿ ಉತ್ತರ ಕೊಟ್ಟಳು. ಆಕೆಗೆ ಆ ಸಮಾಚಾರ ಗೊತ್ತಿದ್ದದ್ದು, ಬೆಳಿಗ್ಗೆ ಶಾಂತಾ ಅದನ್ನೇ ನನಗೆ ಒದರಿ ಕೇಳಿದ್ದರಿಂದ. ಇದಕ್ಕೆಲ್ಲ ಬೇಸತ್ತು ನಾನು ಕೇಳಿಸಿದವನಂತೆ ನಟಿಸುವುದನ್ನು ಕಲಿತೆ. ಕೇಳಿಸದವನು ಮೂರೇ ಮೂರು ಉತ್ತರಗಳಲ್ಲಿ ಸಂಸಾರ ಸಾಗಿಸಬಹುದು. ‘ಹೌದಲ್ಲ’, ಎಲ್ಲವನ್ನೂ ಭಾನುವಾರಕ್ಕೆ ತಳ್ಳುವ ‘ಆಯ್ತವಾರ ನೋಡೂಣು’, ‘ಎಲ್ಲಾ ದೇವರ ಇಚ್ಛಾ’. ಹತ್ತರಲ್ಲಿ ಎಂಟು ಸಲ ಇವು ಸರಿಯಾಗಿಯೇ ಕೂಡುತ್ತವೆ. ಉಳಿದೆರಡು ಸಲ ಎದುರಿನವರು ಇವನು ಬಹಳ ಗಂಭೀರ ಮನುಷ್ಯ ಎಂದುಕೊಂಡು ಹೋಗುತ್ತಾರೆ.

ಐದಾರು ವರ್ಷದ ಹಿಂದೆ ಮಗ ಒಂದು ಕಿವಿಯ ಯಂತ್ರ ಕೊಡಿಸಿದ್ದ. ಅದು ನನ್ನ ಕಿವಿಗಿಂತ ದೊಡ್ಡದಿತ್ತು. ಅದರೊಳಗಿಂದ ಸದಾ ಒಂದು ಸೀಟಿ ಹೊರಡುತ್ತಿತ್ತು. ನನಗೆ ಮಾತ್ರ ಅದು ಕೇಳುತ್ತಿರಲಿಲ್ಲ, ಮನೆಯವರಿಗೆಲ್ಲ ಕೇಳುತ್ತಿತ್ತು. “ಕೇಳೂದು ನಿಮಗ ಬೇಕಾಗಿತ್ತು, ಕೇಳಿಸ್ಕೊಳ್ಳಾಕತ್ತವರು ನಾವಾದ್ವಿ,” ಎಂದು ಶಾಂತಾ ಅದನ್ನು ಕಪಾಟಿನಲ್ಲಿಟ್ಟಳು. ಆದ್ದರಿಂದಲೇ ಕಳೆದ ಚಳಿಗಾಲದಲ್ಲಿ ಹಾವೇರಿಯಲ್ಲಿ ಹೊಸ ನಮೂನೆಯ ಸಣ್ಣ ಯಂತ್ರ ಬಂದಿದೆಯೆಂದು ಕೇಳಿದಾಗ, ಕೇಳಿದಾಗ ಎಂದರೆ ಪತ್ರಿಕೆಯಲ್ಲಿ ಓದಿದಾಗ, ನಾನು ಮನೆಯಲ್ಲಿ ಹೇಳಲಿಲ್ಲ. ಅಲ್ಲಿಯ ಗೆಳೆಯನನ್ನು ನೋಡಿಬರುತ್ತೇನೆ ಎಂದು ಒಂದು ಮಂಗಳವಾರ ಹಾವೇರಿ ಬಸ್ಸು ಹತ್ತಿದೆ.

ಅಲ್ಲಿ ಕಿವಿ ಪರೀಕ್ಷಿಸುವ ಹುಡುಗಿ ನನ್ನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ ಏನೇನೋ ಮಾಡಿ, ಕೊನೆಗೆ ಕಡಲೆಕಾಳಿನಷ್ಟು ದೊಡ್ಡ ಯಂತ್ರವೊಂದನ್ನು ಕಿವಿಯ ತೂತಿನೊಳಗೇ ಇಟ್ಟಳು. “ಅಜ್ಜಾರ, ಈಗ ಕೇಳ್ತೈತೇನ್ರಿ?” ಎಂದಳು. ಅಜ್ಜಾರ ಎಂದದ್ದು ಸ್ಪಷ್ಟವಾಗಿ ಕೇಳಿದ್ದರಿಂದ ಮೊದಲ ಕ್ಷಣದಲ್ಲೇ ಸ್ವಲ್ಪ ಬೇಸರವಾಯಿತು. “ಒಂದು ವಾರ ಹಾಕ್ಕೊಂಡು ನೋಡ್ರಿ. ಹೊಂದಿದ್ರ ಇಟ್ಕೋರಿ, ಇಲ್ಲಂದ್ರ ತಂದು ಕೊಡ್ರಿ. ಅಕಸ್ಮಾತ್ ಏನರ ತ್ರಾಸ ಆದ್ರ ಬರಕೊಂಡು ಬರ್ರಿ,” ಎಂದಳು.

ಬಸ್ ನಿಲ್ದಾಣದವರೆಗೆ ನಡೆದು ಬರುವಾಗ ಹಿಂದಿನಿಂದ ಯಾರೋ ಬೆನ್ನು ಹತ್ತಿದಂತೆ ಚಟಪಟ ಸದ್ದು. ಎರಡು ಸಲ ತಿರುಗಿ ನೋಡಿದೆ. ಅದು ನನ್ನದೇ ಚಪ್ಪಲಿ. ಬಸ್ಸಿನ ಕಿಟಕಿಗಳು ಇಷ್ಟು ಅಲುಗುತ್ತವೆಯೆಂದು ನನಗೆ ಮರೆತೇ ಹೋಗಿತ್ತು. ಹಿಂದಿನ ಸೀಟಿನ ಇಬ್ಬರು ಹೆಂಗಸರು ಮೋಟೆಬೆನ್ನೂರು ಬರುವವರೆಗೆ ಮೂರನೆಯವಳೊಬ್ಬಳ ರೊಟ್ಟಿಯನ್ನು ಬಯ್ದರು. ಆ ರೊಟ್ಟಿಯ ಬಗ್ಗೆ ಕೇಳುತ್ತ ಕೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಮನುಷ್ಯರು ಇಷ್ಟು ಚೆಂದದ ಸಂಗತಿಗಳನ್ನು ಮಾತಾಡುತ್ತಿದ್ದರು, ನಾನು ಹನ್ನೆರಡು ವರ್ಷ ತಪ್ಪಿಸಿಕೊಂಡೆನಲ್ಲ ಎನಿಸಿತು.

ಮನೆ ಮುಟ್ಟಿದ ಕೂಡಲೇ ಹೇಳಬೇಕೆಂದೇ ಬಂದಿದ್ದೆ. ಇದನ್ನು ನೀವು ನಂಬಬೇಕು. ಶಾಂತಾ ಬಾಗಿಲಲ್ಲೇ ಇದ್ದಳು. “ಬಂದ್ರಿ?” ಎಂದು ಎಂದಿನಂತೆ ಒದರಿದಳು. ನನ್ನ ತಲೆ ಗಿರ್ರೆಂದಿತು. ನಾನು ಸಾವರಿಸಿಕೊಳ್ಳುವಷ್ಟರಲ್ಲಿ ಅವಳು ಮುಖ ಆ ಕಡೆ ಮಾಡಿ, ಸಣ್ಣ ದನಿಯಲ್ಲಿ, “ಹಾವೇರ್ಯಾಗ ಮಿರ್ಚಿ ತಿಂದು ಬಂದಾರ. ಮೀಸಿಗೆ ಹಿಟ್ಟು ಹತ್ತೈತಿ. ಕೇಳಿದ್ರ ಇಲ್ಲಂತಾರ,” ಎಂದಳು. ನನ್ನ ಕೈ ಮೀಸೆಯ ಕಡೆ ಅರ್ಧ ಹೋಗಿದ್ದದ್ದನ್ನು ತಡೆದು ಮಫ್ಲರು ಸರಿಪಡಿಸಿಕೊಂಡೆ. ಈಗ ಹೇಳಿದರೆ ಮಿರ್ಚಿ ಭಜಿಯ ವಿಷಯಕ್ಕೂ ಉತ್ತರ ಕೊಡಬೇಕಾಗುತ್ತದೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ಚಳಿಗಾಲದಲ್ಲಿ ನಾನು ಮಫ್ಲರು ತೆಗೆಯುವವನಲ್ಲವಾದ್ದರಿಂದ ಕಿವಿ ಯಾರಿಗೂ ಕಾಣುವಂತಿರಲಿಲ್ಲ. ಮಗ, ಸೊಸೆ ಇಬ್ಬರೂ ಶಾಲೆಯ ಮಾಸ್ತರಿಕೆಯವರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು, ಬಂದಮೇಲೆ ಕಲಿತ ರೂಢಿಯಂತೆ ನನಗೆ ಒದರುವುದು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಶಾಂತಾ ಎಂದಿನಂತೆ ಪಡಸಾಲೆಯಲ್ಲಿ ನನ್ನ ಕುರ್ಚಿಯ ಎದುರು ಮೊರ ಇಟ್ಟುಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸಲು ಕುಳಿತಳು. ಅವಳು ತಲೆ ಬಗ್ಗಿಸಿ ಕೆಲಸ ಮಾಡುವಾಗ ತುಟಿ ಅಲುಗುವುದನ್ನು ವರ್ಷಗಟ್ಟಲೆ ನೋಡಿದ್ದೆ. ಯಾವುದೋ ಜಪ ಮಾಡುತ್ತಾಳೆ ಎಂದು ತಿಳಿದು ಅವಳ ಭಕ್ತಿಯ ಬಗ್ಗೆ ಒಂದಿಬ್ಬರ ಮುಂದೆ ಅಭಿಮಾನದಿಂದ ಹೇಳಿಯೂ ಇದ್ದೆ. ಆ ದಿನ ಜಪ ಕೇಳಿತು. “ಎಡಗಲ್ಲದ ಮ್ಯಾಲೆ ನಾಕು ಕೂದಲ ಹಾಂಗ ಬಿಟ್ಟಾರ,” ಎಂದಿತು ಜಪ. “ಲಗ್ನ ಆದ ದಿನದಿಂದ ನೋಡಾಕತ್ತೇನಿ, ಒಂದಿನ ಪೂರ್ತಿ ಗಡ್ಡಾ ತಗೀಲಿಲ್ಲ ಈ ಮನಷ್ಯಾ. ಆ ನಾಕು ಕೂದಲ ಯಾರಿಗೆ ಬಿಡ್ತೀರಿ? ಬೀಜಕ್ಕ?”

ಅವಳು ನನಗೇ ಹೇಳುತ್ತಿದ್ದಳು. ಬಯ್ಯುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಾವಿಗೆ ಕೊಡ ಇಳಿಸಿದಂತೆ ಮೆತ್ತಗೆ, ತಡೆತಡೆದು, ಒಂದೊಂದೇ ತೊಟ್ಟು ಬಿಡಿಸಿದಂತೆ ಮಾತು ಬಿಡಿಸುತ್ತಿದ್ದಳು. ಮೊಣಕಾಲು ನೋವು ಮಗನಿಗೆ ಹೇಳಿದರೆ ದವಾಖಾನೆಗೆ ಎಳೆಯುತ್ತಾನೆ ಎಂದಳು. ಸೊಸೆ ಮಾಡುವ ಸಾರು ತನ್ನದಕ್ಕಿಂತ ರುಚಿಯಾಗುತ್ತದೆ, ಅದನ್ನು ಬಾಯಿಬಿಟ್ಟು ಹೇಳಲು ಮನಸ್ಸು ಬರುವುದಿಲ್ಲ ಎಂದಳು. ಆಮೇಲೆ ನನ್ನ ಗಿರಣಿಯ ಬೆಲ್ಟಿನ ಕಥೆಗೆ ಬಂದಳು. ಒಮ್ಮೆ ಗಿರಣಿಯ ಬೆಲ್ಟು ಹರಿದು ಹಾರಿ ನನ್ನ ತಲೆಯ ಮೇಲಿಂದ ಹೋಗಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ಹೇಳುವುದು ನನ್ನ ಪದ್ಧತಿ. “ಪ್ರತಿ ಸಲ ಬೆಲ್ಟು ಒಂದು ಗೇಣು ಉದ್ದ ಆಕ್ಕೊಂತ ಹೊಂಟೈತಿ,” ಎಂದಳು ಶಾಂತಾ. “ಇನ್ನ ನಾಕು ಮಂದಿ ಬೀಗರು ಬಂದ್ರ ಅದು ಇಲ್ಲಿಂದ ರಾಣೇಬೆನ್ನೂರಿಗೆ ಮುಟ್ಟತೈತಿ.”

ಅಂದು ಸಂಜೆ ಹೇಳಬೇಕಾಗಿತ್ತು. ಹೇಳಲಿಲ್ಲ. ಕಾರಣ ಸ್ವಲ್ಪ ಕುತೂಹಲ, ಸ್ವಲ್ಪ ಕಳ್ಳತನ, ಬಹುಪಾಲು ಇನ್ನೊಂದು. ನಾನು ಹೇಳಿದ ಕ್ಷಣಕ್ಕೆ ಈ ಮಾತು ನಿಂತುಹೋಗುತ್ತದೆ ಎಂಬುದು ನನಗೆ ಖಚಿತವಾಗಿತ್ತು. ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ ಇಷ್ಟು ಒಳ್ಳೆಯ ಸಂಭಾಷಣೆ ನಡೆಯುತ್ತಿತ್ತು, ನಾನೊಬ್ಬನೇ ಅದರಲ್ಲಿ ಇರಲಿಲ್ಲ. ಮರುದಿನ ಬೆಳಿಗ್ಗೆ ಎಡಗಲ್ಲದ ಮೇಲಿನ ನಾಲ್ಕು ಕೂದಲನ್ನು ಎರಡು ಸಲ ಬೋಳಿಸಿದೆ. ಚಹಾ ಕೊಡುವಾಗ ಶಾಂತಾ ನನ್ನ ಗಲ್ಲವನ್ನು ನೋಡಿ ಒಂದು ಕ್ಷಣ ನಿಂತಳು. ಒಳಗೊಳಗೇ ನನಗೆ ದೊಡ್ಡ ಪರೋಪಕಾರ ಮಾಡಿದಷ್ಟು ಸಂತೋಷವಾಯಿತು. ಇನ್ನೊಬ್ಬರ ಅಂತರಂಗಕ್ಕೆ ನುಗ್ಗಿದವನು ಮೊದಲು ಮಾಡಿಕೊಳ್ಳುವ ಸಮಾಧಾನವೇ ಅದು, ನಾನು ನುಗ್ಗಿದ್ದು ಅವರ ಒಳ್ಳೆಯದಕ್ಕಾಗಿ ಎಂಬುದು.

ಗುರುವಾರ ಮಧ್ಯಾಹ್ನ ಅವಳು ಅರ್ಧ ಮೊರ ತೊಟ್ಟು ಬಿಡಿಸಿದಳು. ಆಮೇಲೆ, “ಈ ಸೋಮವಾರ ನೀಲಾ ರಿಂಗ್ ಕೊಡಾಕ ಹೊತ್ತು ಮಾಡಿದ್ಲು. ಜೀವಾ ಹಾರಿಹೋಗಿತ್ತು ನನಗ,” ಎಂದಳು.

ನೀಲಾ ಎಂದರೆ ನೀಲವ್ವ, ಅವಳ ತಂಗಿ. ರಾಣೇಬೆನ್ನೂರು ತಾಲೂಕಿನ ಐರಣಿಗೆ ಕೊಟ್ಟಿದೆ. ತಾಯಿಯೂ ಕೊನೆಯ ದಿನಗಳಲ್ಲಿ ಅವಳ ಮನೆಯಲ್ಲೇ ಇದ್ದು ತೀರಿಕೊಂಡದ್ದು. ಅಂದಿನಿಂದ ಏಳು ವರ್ಷ ಅಕ್ಕತಂಗಿಯರಲ್ಲಿ ಮಾತಿಲ್ಲ. ಏನೋ ಹೆಂಗಸರ ಜಗಳ ಎಂದು ನಾನು ಅದರ ತಂಟೆಗೆ ಹೋಗಿರಲಿಲ್ಲ. ಈಗ ತಿಳಿದದ್ದು ಇಷ್ಟು. ಪ್ರತಿ ಸೋಮವಾರ ನಾಲ್ಕು ಗಂಟೆಗೆ ಶಾಂತಾ ಐರಣಿಗೆ ಫೋನು ಹಚ್ಚುತ್ತಾಳೆ. ಒಂದೇ ರಿಂಗ್. ಕಟ್ ಮಾಡುತ್ತಾಳೆ. ಸ್ವಲ್ಪ ಹೊತ್ತಿಗೆ ಐರಣಿಯಿಂದ ಒಂದು ರಿಂಗ್ ಬರುತ್ತದೆ. ಅದೂ ಕಟ್. ನಾನಿದ್ದೇನೆ, ನೀನಿದ್ದೀಯಾ? ಇದ್ದೇನೆ. ಇಷ್ಟೇ ಮಾತು. ಏಳು ವರ್ಷ, ಒಂದು ಸೋಮವಾರವೂ ತಪ್ಪದೆ. ಈ ರಿಂಗು ನಾನು ಕುಳಿತ ಕುರ್ಚಿಯಿಂದ ಮೂರು ಮಾರು ದೂರದಲ್ಲಿ, ಗೋಡೆಯಲ್ಲಿ ಕೊರೆದ ಮಾಡಿನಲ್ಲಿ ಆಗುತ್ತಿತ್ತು.

“ಅವ್ವಗ ಭಾಳ ಆಗೈತಿ ಅಂತ ಫೋನ್ ಬಂದಾಗ ನಾ ಗಿರಣಿಗೆ ಓಡಿ ಬಂದೆ,” ಎಂದು ಮುಂದುವರಿಸಿದಳು. “ಐರಣಿಗೆ ಹೋಗೂಣು ಬರ್ರಿ ಅಂದೆ. ನೀವು ನನ್ನ ಮಾರಿ ನೋಡಿ, ಆಯ್ತವಾರ ನೋಡೂಣು ಅಂದ್ರಿ. ಅವತ್ತ ಗುರುವಾರ. ನಾಕು ಹೆಣ್ಮಕ್ಕಳು ಖಾರ ಕುಟ್ಟಿಸಾಕ ಬಂದು ನಿಂತಿದ್ರು, ಅವರ ಮುಂದ ನಮ್ಮವ್ವ ಸಾಯಾಕತ್ಯಾಳ ಅಂತ ಒದರಾಕ ನನ್ನ ಬಾಯಿ ಬರಲಿಲ್ಲ. ಒಬ್ಬಾಕೆನ ಹೋಗಬೇಕಿತ್ತು. ಸಿಟ್ಟಿನಾಗ ಕುಂತೆ. ಹೋಗೋದ್ರಾಗ ಅವ್ವ ಮುಗದಿದ್ಲು. ನಾಕು ಮಂದ್ಯಾಗ ನೀಲಾ ಕೇಳಿದ್ಲು, ಈಗ ಪುರಸೊತ್ತು ಸಿಕ್ತೇನವಾ ನಿನಗ, ಗಿರಣಿ ಬಂದ್ ಮಾಡಿ ಬಂದೇನು ಅಂತ. ನಾ ನಿಮ್ಮ ಹೆಸರ ಹೇಳಲಿಲ್ಲ. ನಿಮಗ ಕೇಳಿರಲೇ ಇಲ್ಲ ಅಂತ ನನಗ ಆಮ್ಯಾಲೆ ತಿಳೀತು. ಕೇಳಲಾರದವರ ಮ್ಯಾಲೆ ಸಿಟ್ಟರ ಹ್ಯಾಂಗ ಮಾಡೂದು?”

ಅವಳು ಮೊರ ಕೊಡವಿ ಎದ್ದು ಹೋದಳು. ನಾನು ಕುಳಿತೇ ಇದ್ದೆ. ಆ ಗುರುವಾರವನ್ನು ನೆನಪಿಗೆ ತಂದುಕೊಳ್ಳಲು ಎಷ್ಟು ತಿಣುಕಿದರೂ ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಅವಳ ತಾಯಿಯ ಸಾವು ನನ್ನ ಕಿವಿಯ ಮಟ್ಟಿಗೆ ನಡೆದೇ ಇರಲಿಲ್ಲ. ಎಂಥ ಮಾತಿಗೆ ಎಂಥ ಉತ್ತರ ಕೊಟ್ಟು, ಜಾಣನಂತೆ ತಲೆಯಾಡಿಸಿ, ನಾನು ಮತ್ತೆ ಮೆಣಸಿನಕಾಯಿ ಸುರುವಿರಬೇಕು.

ಇಲ್ಲಿ ಒಬ್ಬ ಬುದ್ಧಿವಂತನಾಗಿದ್ದರೆ ಹೆಂಡತಿಯ ಮುಂದೆ ಕುಳಿತು ಎಲ್ಲ ಹೇಳಿ ತಪ್ಪಾಯಿತು ಎನ್ನುತ್ತಿದ್ದ. ನಾನು ಬುದ್ಧಿವಂತನಿಗಿಂತ ಒಂದು ಕೈ ಹೆಚ್ಚು. ಏಳು ವರ್ಷದ ಗಂಟನ್ನು ಒಂದೇ ದಿನದಲ್ಲಿ ಬಿಚ್ಚಿ, ತಂಗಿಯನ್ನು ಕರೆದುಕೊಂಡೇ ಬಂದು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಯಂತ್ರದ ಸುದ್ದಿ ಹೇಳಿದರೆ ಎರಡಕ್ಕೂ ಒಂದೇ ಸಲ ಶಾಬಾಸಕಿ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ರಾಣೇಬೆನ್ನೂರಿನಲ್ಲಿ ಕೆಲಸವಿದೆ ಎಂದು ಹೇಳಿ ಭಾನುವಾರ ಬೆಳಿಗ್ಗೆ ಹೊರಟೆ. ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಐರಣಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ನೀಲವ್ವನ ಮನೆ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಅವಳ ಗಂಡ ಅಂಗಳದಲ್ಲಿ ಕುಳಿತು ಪಂಪಿನ ಪೈಪಿಗೆ ಏನೋ ಸುತ್ತುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ನೀಲವ್ವ ಒಳಗಿನಿಂದ ಬಂದವಳು ನೀರಿನ ತಂಬಿಗೆ ಕೊಟ್ಟು, “ಮಾಮಾರ, ಅಕ್ಕ ಆರಾಮದಾಳಿಲ್ಲೋ?” ಎಂದು ಹೊಳೆಯ ಆಚೆ ದಂಡೆಗೆ ಕೇಳುವಂತೆ ಒದರಿದಳು. ಅವಳ ಮುಖ ಬಿಳಿಚಿತ್ತು. ಇಷ್ಟು ವರ್ಷದ ಮೇಲೆ ನಾನೊಬ್ಬನೇ ಬಂದಿದ್ದೇನೆಂದರೆ ಯಾವ ಸುದ್ದಿ ತಂದಿರಬಹುದು ಎಂದು ಹೆದರಿದ್ದಳು.

“ಆರಾಮದಾಳ. ಸಾವಕಾಶ ಮಾತಾಡು, ಈಗ ನನಗ ಕೇಳ್ತೈತಿ,” ಎಂದೆ. ಕುಳಿತುಕೊಂಡು ಗಿರಣಿಯ ಆ ಗುರುವಾರದ ಸಂಗತಿಯನ್ನೆಲ್ಲ ಹೇಳಿದೆ. ತಡಮಾಡಿದ್ದು ಶಾಂತಾ ಅಲ್ಲ, ನಾನು. ಅದೂ ಬೇಕೆಂದಲ್ಲ, ಕೇಳದೆ. ಅವಳು ಏಳು ವರ್ಷ ಅದನ್ನು ತನ್ನ ಮೇಲೆಯೇ ಹಾಕಿಕೊಂಡಿದ್ದಾಳೆ. ನೀಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. “ಒಂದು ಮಾತು ಅನ್ನಬಾರದಿತ್ತೇನ್ರಿ ಅಕ್ಕ ನನ್ನ ಮುಂದ?” ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. ಕೆಲಸ ಅಲ್ಲಿಗೆ ಮುಗಿದಿತ್ತು. ನಾನು ಎದ್ದು ಬಂದುಬಿಟ್ಟಿದ್ದರೆ ಈ ಬರಹ ಇಲ್ಲಿಗೇ ನಿಲ್ಲುತ್ತಿತ್ತು, ನನಗೂ ಊರಲ್ಲಿ ಒಂದಿಷ್ಟು ಬೆಲೆ ಇರುತ್ತಿತ್ತು. ಆದರೆ ಕೆಲಸ ಚೆನ್ನಾಗಿ ಆಗುತ್ತಿದೆ ಎನಿಸಿದಾಗ ಇನ್ನೊಂದು ಮಾತು ಹೆಚ್ಚಿಗೆ ಆಡುವುದು ನನ್ನ ಹುಟ್ಟುಗುಣ. “ಮತ್ತ ಇನ್ನ ಪ್ರತಿ ಸೋಮವಾರ ಒಂದು ರಿಂಗ್ ಕೊಟ್ಟು ಕಟ್ ಮಾಡೂದು ಸಾಕು ಮಾಡ್ರಿ ನೀವಿಬ್ರೂ. ಎತ್ತಿ ಪೂರ್ತಿ ಮಾತಾಡ್ರಿ,” ಎಂದು ನಕ್ಕೆ.

ನೀಲವ್ವ ಸೆರಗು ಕೆಳಗಿಳಿಸಿದಳು. “ಅದನ್ನೂ ಹೇಳ್ಯಾಳೇನು ನಿಮ್ಮ ಮುಂದ?” ಎಂದಳು.

ಅಂಗಳದಲ್ಲಿದ್ದ ಅವಳ ಗಂಡ ಪೈಪಿನಿಂದ ತಲೆಯೆತ್ತಿ, “ಯಾ ರಿಂಗ್?” ಎಂದ.

ಅವನಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಇಬ್ಬರು ಹೆಂಗಸರು ಏಳು ವರ್ಷ ಮಕ್ಕಳು, ಗಂಡಂದಿರು, ಓಣಿಯವರು ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡು ಬಂದದ್ದನ್ನು ನಾನು ಅಂಗಳದಲ್ಲಿ ಹರವಿಟ್ಟಿದ್ದೆ. ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋಗಿ ಅಡಿಗೆ ಮಾಡಿದಳು. ರೊಟ್ಟಿ, ಪಲ್ಯ, ಮೊಸರು ಎಲ್ಲವನ್ನೂ ಕ್ರಮವಾಗಿ ಬಡಿಸಿದಳು, ಸಾಕೆಂದರೂ ಇನ್ನೊಂದು ರೊಟ್ಟಿ ಹಾಕಿದಳು. ನಾನು ಹೊರಡುವವರೆಗೆ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗ, ಊಟ ಹಾಕಿ ಕಳಿಸಿದ್ದಾಳೆಂದರೆ ಸಿಟ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಕಡೆ ಸಿಟ್ಟಿದ್ದರೂ ಊಟ ಹಾಕುತ್ತಾರೆ ಎಂಬುದು ಕಾಕೋಳ ದಾಟಿದ ಮೇಲೆ ನೆನಪಾಯಿತು.

ಸೋಮವಾರ ನಾಲ್ಕಕ್ಕೆ ಶಾಂತಾ ಮಾಡಿನಿಂದ ಫೋನು ತೆಗೆದು ಗುಂಡಿ ಒತ್ತಿದಳು. ಒಂದು ರಿಂಗ್. ಕಟ್ ಮಾಡಿ ಮೊರದ ಪಕ್ಕದಲ್ಲಿ ಇಟ್ಟುಕೊಂಡು ತೊಟ್ಟು ಬಿಡಿಸಲು ಕುಳಿತಳು. ನಾಲ್ಕೂ ಹತ್ತಾಯಿತು, ನಾಲ್ಕೂ ಇಪ್ಪತ್ತಾಯಿತು. ಫೋನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಚಾರ್ಜಿಗೆ ಹಾಕಿದಳು. ಎರಡನೆಯ ಸಲ ಫೋನು ಹಚ್ಚಿ ಮತ್ತೆ ಒಂದು ರಿಂಗ್ ಕೊಟ್ಟಳು. ನಾಲ್ಕೂವರೆ ಆಯಿತು. ಅವಳ ಕೈಯಲ್ಲಿದ್ದ ಮೆಣಸಿನಕಾಯಿಗೆ ತೊಟ್ಟೇ ಇರಲಿಲ್ಲ, ಅದನ್ನೇ ಚಿವುಟುತ್ತಿದ್ದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ನೀಲಾ ಹೋಗಿಬಿಟ್ಲೇನು? ಯಾರರ ಹೇಳಿ ಕಳಸತಾರಿಲ್ಲೋ ನನಗ?” ಎಂದಳು.

“ನೀಲವ್ವ ಆರಾಮದಾಳ, ಗಾಬರಿ ಆಗಬ್ಯಾಡ. ನಾ ನಿನ್ನೆ ನೋಡಿ ಬಂದೇನಿ,” ಎಂದುಬಿಟ್ಟೆ.

ಶಾಂತಾ ನಿಧಾನವಾಗಿ ತಲೆಯೆತ್ತಿದಳು. ಎದ್ದು ಬಂದು ನನ್ನ ಮಫ್ಲರಿನ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದಳು. ಬಲಗಿವಿ ನೋಡಿದಳು, ಎಡಗಿವಿ ನೋಡಿದಳು.

“ಯಾವಾಗ ಹಾಕಿಸ್ಕೊಂಡ್ರಿ ಇದನ್ನ?”

“ಹ್ವಾದ ಮಂಗಳವಾರ.”

ಬೆರಳ ಮೇಲೆ ಎಣಿಸಿದಳು. ಬುಧವಾರಕ್ಕೆ ಬಂದಾಗ ನನ್ನ ಗಲ್ಲದ ಕಡೆ ನೋಡಿದಳು. ಗುರುವಾರಕ್ಕೆ ಬಂದು ಬೆರಳು ನಿಂತಿತು. “ಗುರುವಾರದ್ದೂ ಕೇಳಿದ್ರಿ?”

“ಕೇಳಿದೆ.”

“ನಾ ಅದನ್ನ ನಿಮಗ ಹೇಳಿದ್ದಲ್ಲ.”

“ನನ್ನ ಮುಂದನ ಕುಂತು ಹೇಳಿದೆಲ್ಲ. ಮತ್ತ ಯಾರಿಗೆ ಹೇಳಿದ್ದು?”

“ಯಾರಿಗೂ ಅಲ್ಲ,” ಎಂದಳು ಶಾಂತಾ.

ನಾನು ವಾದ ಮಾಡಿದೆ. ಗಂಡಹೆಂಡಿರಲ್ಲಿ ಮುಚ್ಚುಮರೆ ಏನು, ನಿನ್ನ ದುಃಖ ನನಗೆ ತಿಳಿಯಬಾರದೇನು ಎಂದೆಲ್ಲ ಅಂದೆ. ಐರಣಿಯಲ್ಲಿ ಆಡಿದ ಹೆಚ್ಚಿನ ಮಾತನ್ನೂ ಒಪ್ಪಿಕೊಂಡೆ. ಅವಳು ಪೂರ್ತಿ ಕೇಳಿದಳು. “ಅರಿಬಿ ಒಗಿಯೋಮುಂದ ನಿಮ್ಮ ಅಂಗಿ ಕಿಸೆದಾಗ ನಾ ಎಂದರ ಕೈ ಹಾಕೇನೇನು?” ಎಂದು ಕೇಳಿದಳು. “ಕಿಸೆ ಖಾಲಿ ಮಾಡಿ ಕೊಡ್ರಿ ಅಂತ ನಿಮ್ಮ ಕಡೆನ ತಗಸ್ತೇನಿ. ಅದರಾಗ ಏನೂ ಇರೂದಿಲ್ಲ ಅಂತ ಗೊತ್ತೈತಿ. ಆದ್ರೂ ಹಾಕೂದಿಲ್ಲ.” ಖರೇ. ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಹಾಕಿಲ್ಲ. ಅದನ್ನು ನಾನು ಅವಳ ಸೋಮಾರಿತನ ಎಂದುಕೊಂಡಿದ್ದೆ.

“ನಾಳೆ ಹಾವೇರಿಗೆ ಹೋಗಿ ಇದನ್ನ ಕೊಟ್ಟು ಬರ್ತೇನಿ,” ಎಂದೆ.

“ಬ್ಯಾಡ. ಇಟ್ಕೋರಿ. ಒದರಿ ಒದರಿ ನನ್ನ ಗಂಟಲರ ಉಳೀತೈತಿ,” ಎಂದು ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಹಾವೇರಿಯಲ್ಲಿ ಆ ಹುಡುಗಿ, “ಏನರ ತ್ರಾಸ ಆತೇನ್ರಿ ಅಜ್ಜಾರ?” ಎಂದಳು. ಭಾಳ ಸ್ಪಷ್ಟ ಕೇಳುತ್ತದೆ, ಅದೇ ತ್ರಾಸ ಎಂದೆ. ಅವಳು ನಕ್ಕು ಯಾವುದೋ ಗುಂಡಿ ತಿರುಗಿಸಿ ಸದ್ದು ಸ್ವಲ್ಪ ಕಡಿಮೆ ಮಾಡಿ ಕೊಟ್ಟಳು. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಯಾಕೆಂದರೆ ಆ ವಾರವೆಲ್ಲ ಮನೆಯಲ್ಲಿ ಕೇಳಲು ಏನೂ ಇರಲಿಲ್ಲ. ಶಾಂತಾ ನನ್ನೊಂದಿಗೆ ಬೇಕಾದಷ್ಟು ಮಾತಾಡುತ್ತಿದ್ದಳು, ಸಮದನಿಯಲ್ಲಿ. ಊಟಕ್ಕೆ ಬರ್ರಿ, ನೀರು ಕಾದೈತಿ, ಹಾಲಿನಾಂವ ಬಂದಾನ. ಮಧ್ಯಾಹ್ನವಾದರೆ ಮೊರ ಹಿತ್ತಲಿಗೆ ಹೋಗುತ್ತಿತ್ತು. ನಾನು ಪಡಸಾಲೆಯಲ್ಲಿ ಕುಳಿತು ಗಡಿಯಾರದ ಟಿಕ್ ಟಿಕ್ ಕೇಳುತ್ತಿದ್ದೆ. ಹನ್ನೆರಡು ವರ್ಷ ಈ ಗಡಿಯಾರ ಕೇಳಬೇಕೆಂದು ಹಂಬಲಿಸಿದ್ದೆನಲ್ಲ ಎನಿಸಿ ನನ್ನ ಮೇಲೆಯೇ ಸಿಟ್ಟು ಬಂತು. ಒಮ್ಮೆ ಹಿತ್ತಲ ಬಾಗಿಲವರೆಗೆ ಹೋಗಿ ಇಣುಕಿದೆ. ಅವಳು ತಲೆ ಬಗ್ಗಿಸಿ ತೊಟ್ಟು ಬಿಡಿಸುತ್ತಿದ್ದಳು. ಅಲ್ಲಿಯೂ ಏನೂ ಕೇಳಲಿಲ್ಲ. ಮಾತು ಬಾಯಿಯವರೆಗೂ ಬರದೆ ಒಳಗೇ ನಿಂತಿತ್ತು. ಅದನ್ನು ನೋಡಿದ ಮೇಲೆ ನಾನು ಮತ್ತೆ ಇಣುಕಲಿಲ್ಲ.

ಮುಂದಿನ ಸೋಮವಾರ ನಾಲ್ಕು ಗಂಟೆಗೆ ಅವಳು ಫೋನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ಸುಮ್ಮನೆ ಕಂಬಕ್ಕೆ ಆತು ಕುಳಿತಿದ್ದಳು. ನಾಲ್ಕೂ ಐದಕ್ಕೆ ಮಾಡಿನಲ್ಲಿ ಫೋನು ಸದ್ದು ಮಾಡಿತು. ಒಂದು ರಿಂಗ್. ಶಾಂತಾ ಕತ್ತು ಎತ್ತಿದಳು. ಎರಡನೆಯ ರಿಂಗ್. ಅವಳು ಎದ್ದು ನಿಂತಳು. ಮೂರು, ನಾಲ್ಕು. ಕಟ್ ಆಗಲಿಲ್ಲ. ಅವಳು ಫೋನು ಕೈಗೆ ತೆಗೆದುಕೊಂಡು, ಅದು ಬಿಸಿಯಾಗಿದೆಯೋ ಎಂಬಂತೆ ಹಿಡಿದು, ಕಿವಿಗೆ ಇಟ್ಟಳು. ನೀಲವ್ವನಿಗೆ ಫೋನಿನಲ್ಲಿಯೂ ಒದರುವ ರೂಢಿ ಇರಬೇಕು. ನನಗೆ ಕುಳಿತಲ್ಲಿಂದಲೇ ಕೇಳಿತು.

“ಗಂಡನ ಮುಂದ ಯಾಕ ಹೇಳಿದೆ ನೀ ಅದನ್ನ?”

“ನಾ ಎಲ್ಲೆ ಹೇಳೇನಿ? ಅಂವ ಕಿವ್ಯಾಗ ಮಿಷನ್ ಇಟ್ಕೊಂಡು, ಮಫ್ಲರ್ ಸುತಗೊಂಡು, ಕದ್ದು ಕೇಳ್ಯಾನ,” ಎಂದಳು ಶಾಂತಾ. ಏಳು ವರ್ಷದ ಮೇಲೆ ತಂಗಿಯೊಡನೆ ಆಡಿದ ಮೊದಲ ಮಾತು. ನನ್ನನ್ನು ಏಕವಚನದಲ್ಲಿ ಕರೆದದ್ದೂ ನಲವತ್ತೊಂದು ವರ್ಷದಲ್ಲಿ ಅದೇ ಮೊದಲು.

“ಇಲ್ಲೆ ಬಂದು ನಮ್ಮನಿಯವರ ಮುಂದೂ ಹೇಳಿ ಹ್ವಾದ. ಅವತ್ತಿನಿಂದ ಇವರು ಯಾ ರಿಂಗ್, ಯಾ ರಿಂಗ್ ಅಂತ ನನ್ನ ಜೀವಾ ತಿನ್ನಾಕತ್ಯಾರ.”

“ನಿನಗೊಂದು ದಿನದ್ದು. ನನಗ ನೋಡು, ಇಡೀ ವಾರ ಎದುರಿಗೆ ಕುಂತು,” ಎಂದು ಶಾಂತಾ ಶುರುಮಾಡಿದಳು.

ಅಷ್ಟರಲ್ಲಿ ನಾನು ಕಿವಿಯಿಂದ ಯಂತ್ರ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡೆ. ಅವಳು ಅದನ್ನು ನೋಡಿದಳೋ ಇಲ್ಲವೋ, ಹೇಳಲಾರೆ. ಮನೆ ತಟ್ಟನೆ ಹತ್ತಿಯೊಳಗೆ ಇಟ್ಟಂತಾಯಿತು. ಗೋಡೆಯ ಗಡಿಯಾರದ ಮುಳ್ಳು ನಾಲ್ಕೂವರೆ ದಾಟಿತು, ಐದಕ್ಕೆ ಬಂತು. ಶಾಂತಾ ಕಂಬಕ್ಕೆ ಆತು ಕಾಲು ಚಾಚಿ ಕುಳಿತಿದ್ದಳು. ಒಮ್ಮೆ ಸೆರಗು ಕಣ್ಣಿಗೆ ಹೋಯಿತು. ಬಹುಶಃ ಅದು ಅವ್ವನ ವಿಷಯ. ಆಮೇಲೆ ಭುಜ ಕುಣಿಯುವಂತೆ ನಕ್ಕಳು. ಅದು ಯಾವ ವಿಷಯವೆಂದು ನನಗೆ ತಿಳಿಯುವ ಕಾರಣವಿರಲಿಲ್ಲ. ಆದರೆ ಇಷ್ಟು ವರ್ಷ ಕಿವುಡನಾಗಿ ಬಾಳಿದವನಿಗೆ ಎದುರಿಗಿರುವವರು ತಲೆ ಎತ್ತಿ ಮಾತಾಡಿದರೆ ಒಂದೆರಡು ಶಬ್ದ ತುಟಿಯ ಮೇಲೆ ಕಂಡೇ ಕಾಣುತ್ತವೆ. ಅದರಲ್ಲೂ ದಡ್ಡನಿಗೆ ಅನ್ನುವ ‘ಮಬ್ಬ’ ಎಂಬ ಶಬ್ದದಲ್ಲಿ ತುಟಿಗಳು ಎರಡು ಸಲ ಚೆನ್ನಾಗಿ ಕೂಡುತ್ತವೆ, ಅದನ್ನು ಓದಲು ಯಾವ ಯಂತ್ರವೂ ಬೇಡ. ನಾನು ನಾಲ್ಕರವರೆಗೆ ಎಣಿಸಿದೆ. ಆಮೇಲೆ, ಇದೂ ಕದ್ದು ಕೇಳಿದ ಲೆಕ್ಕಕ್ಕೇ ಬರುತ್ತದೆಯಲ್ಲ ಎಂದು ಹೊಳೆದು, ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡೆ. ಐದನೆಯದು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.